ಆ ಸ್ವರ ಇದ್ದದ್ದು ಕೋಣೆಯಲ್ಲೋ, ನನ್ನ ಕಿವಿಯಲ್ಲೋ?

ಓದುಗರ ಪ್ರಶ್ನೆ: ನಾನು ಧಾರವಾಡದವಳು, ಹನ್ನೊಂದು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಗೆಳತಿಯೊಬ್ಬಳು ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿರುವ ‘ಡ್ರೀಮ್ ಹೌಸ್’ಗೆ ಕರೆದುಕೊಂಡು ಹೋದಳು. ಚಪ್ಪಲಿ ಬಿಟ್ಟು ಒಳಗೆ ಹೋದರೆ ನೇರಳೆಗೆಂಪು ಬೆಳಕು, ದೊಡ್ಡ ಸ್ಪೀಕರ್‌ಗಳು, ಎಂದೂ ನಿಲ್ಲದ ಒಂದು ನಾದ. ಅಲುಗಾಡದೆ ಕೂತರೆ ನಾದವೂ ಅಲುಗುವುದಿಲ್ಲ. ಕತ್ತು ಸ್ವಲ್ಪ ಹೊರಳಿಸಿದರೆ ಬೇರೆಯೇ ಸ್ವರಗಳು ಕೇಳುತ್ತವೆ. ಒಂದು ಹಂತದಲ್ಲಿ ನನ್ನ ಕಿವಿಯೊಳಗೇ ಯಾರೋ ಗುನುಗಿದಂತಾಯಿತು. ಮನೆಗೆ ಬಂದು ಅದೇ ಅನುಭವಕ್ಕಾಗಿ ಕಂಪ್ಯೂಟರಿನಲ್ಲಿ ಶುದ್ಧ ಸ್ವರಗಳನ್ನು, ಎಂದರೆ ಒಂದೇ ವೇಗದ ಕಂಪನವಿರುವ ಸೈನ್ ಅಲೆಗಳನ್ನು, ತಯಾರಿಸಿ ಇಯರ್‌ಫೋನಿನಲ್ಲಿ ಕೇಳಿದೆ. ಕತ್ತು ಹೊರಳಿಸಿದರೂ ಏನೂ ಬದಲಾಗಲಿಲ್ಲ. ಸಿಗಬಹುದೆಂದು ವಾಲ್ಯೂಮ್ ಏರಿಸುತ್ತ ಮುಕ್ಕಾಲು ಗಂಟೆ ಕೂತೆ. ಅಂದು ಮಲಗುವ ತನಕ ಕಿವಿಯಲ್ಲಿ ‘ಕುಂಯ್’ ಎನ್ನುತ್ತಿತ್ತು, ಬೆಳಿಗ್ಗೆ ನಿಂತಿತ್ತು. 432 ಹರ್ಟ್ಜ್ ಬಳಸಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಮ್ಮ ಕಾಕಾ ಹೇಳಿದರು. ತೀರ ಕೆಳಗಿನ ಶಬ್ದ ಒಳಗಿನ ಅಂಗಗಳನ್ನೇ ಹಾಳುಮಾಡುತ್ತದೆ ಎಂದು ಇನ್ನೊಬ್ಬರು ಹೆದರಿಸಿದರು. ಕಿರಾಣಾ ಘರಾಣೆಯ ಹಿಂದೂಸ್ತಾನಿ ಗಾಯನ ಕಲಿತ ನಮ್ಮ ಅಪ್ಪ ಮಾತ್ರ, ‘ತಂಬೂರಿಯಲ್ಲಿ ಯಾರೂ ಮೀಟದ ಸ್ವಯಂಭೂ ಗಾಂಧಾರ ಕೇಳೂದಿಲ್ಲೇನು? ಇದೂ ಹಂಗ ಇರಬೇಕು’ ಎಂದರು. ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಹಳೆಯ ಮನೆಯ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯಲ್ಲಿ ಇಂಥದ್ದೊಂದನ್ನು ಮನೆಯವರಿಗಾಗಿ ಮಾಡಬೇಕೆಂಬ ಆಸೆ ಇದೆ. ತಮ್ಮನ ಮಗನಿಗೆ ನಾಲ್ಕು ವರ್ಷ. ಅಜ್ಜಿಗೆ ಎಪ್ಪತ್ತೆಂಟು, ಅವರು ಶ್ರವಣ ಯಂತ್ರ ಹಾಕುತ್ತಾರೆ. ಮಾಡಬಹುದೇ? ನನ್ನ ಕಿವಿಗೆ ಈಗಾಗಲೇ ಪೆಟ್ಟಾಗಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅನುಭವಗಳಿವೆ, ಮತ್ತು ಅವೆರಡೂ ಒಂದೇ ಎಂದು ನೀವು ಭಾವಿಸಿರುವುದರಿಂದಲೇ ಆತಂಕ ಹುಟ್ಟಿದೆ. ನ್ಯೂಯಾರ್ಕಿನ ಆ ಕೋಣೆಯಲ್ಲಿ ಕತ್ತು ಹೊರಳಿಸಿದಾಗ ಸ್ವರ ಬದಲಾದದ್ದೂ ಕಿವಿಯೊಳಗೆ ಗುನುಗು ಕೇಳಿಸಿದ್ದೂ ಹಾನಿಯ ಲಕ್ಷಣಗಳಲ್ಲ. ಕೋಣೆ ಮತ್ತು ಕಿವಿ ಎರಡೂ ಸರಿಯಾಗಿ ಕೆಲಸ ಮಾಡುತ್ತಿದ್ದವು ಎಂಬುದಕ್ಕೆ ಅವೇ ಸಾಕ್ಷಿ. ಮನೆಯಲ್ಲಿ ಇಯರ್‌ಫೋನ್ ತೆಗೆದ ಮೇಲೂ ರಾತ್ರಿಯವರೆಗೆ ಉಳಿದ ‘ಕುಂಯ್’ ಮಾತ್ರ ಬೇರೆ ಜಾತಿಯದು. ಅದಕ್ಕೆ ಕಾರಣ ಸ್ವರದ ಆಯ್ಕೆಯಲ್ಲ, ವಾಲ್ಯೂಮ್ ಮತ್ತು ಅವಧಿ. ಮೊದಲು ಅದನ್ನೇ ಮುಗಿಸಿಬಿಡುತ್ತೇನೆ, ಏಕೆಂದರೆ ಉಳಿದದ್ದನ್ನೆಲ್ಲ ನಿಶ್ಚಿಂತೆಯಿಂದ ಆನಂದಿಸಲು ಅದು ಅಗತ್ಯ.

ಒಳಗಿವಿಯ ಶಂಖದಂತಹ ನಾಳದಲ್ಲಿ ಸಾಲುಗಟ್ಟಿರುವ ರೋಮಕೋಶಗಳು ಒಂದೊಂದು ಸ್ವರಕ್ಕೆ ಒಂದೊಂದು ಜಾಗದಲ್ಲಿ ಸ್ಪಂದಿಸುತ್ತವೆ. ಸಂಗೀತ ಕೇಳುವಾಗ ಈ ಕೆಲಸ ಸಾಲಿನ ಉದ್ದಕ್ಕೂ ಹಂಚಿಹೋಗುತ್ತದೆ, ನಡುವೆ ಬಿಡುವೂ ಸಿಗುತ್ತದೆ. ಬಿಡುವಿಲ್ಲದ ಶುದ್ಧ ಸ್ವರದಲ್ಲಿ ಹೊರೆಯೆಲ್ಲ ಒಂದೇ ಜಾಗದ ಮೇಲೆ ಬೀಳುತ್ತದೆ. ಅಷ್ಟೇ ಶಕ್ತಿಯ ಸಂಗೀತದ ಎದುರು ಶುದ್ಧ ಸ್ವರ ಮೆತ್ತಗೆ ಕೇಳಿಸುತ್ತದೆ ಎಂಬುದು ಇನ್ನೊಂದು ತೊಡಕು, ಹಾಗಾಗಿ ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ಕಾರ್ಖಾನೆಯ ಕೆಲಸಗಾರರಿಗಾಗಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಾಕಿಕೊಟ್ಟ ಮಿತಿ ನೆನಪಿಡಲು ಸುಲಭವಾಗಿದೆ: 85 ಡೆಸಿಬೆಲ್ ಆದರೆ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಸಾಮಾನ್ಯ ಇಯರ್‌ಫೋನ್‌ಗಳಲ್ಲಿ ಎಷ್ಟೋ 100 ಡೆಸಿಬೆಲ್‌ನ್ನು ಸಲೀಸಾಗಿ ಮುಟ್ಟುತ್ತವೆ. ನೀವು ಮುಕ್ಕಾಲು ಗಂಟೆ ಕೂತು ಕೇಳಿದ್ದು ಮಿತಿಯನ್ನು ದಾಟಿತ್ತು ಎನ್ನಲು ಆ ರಾತ್ರಿಯ ‘ಕುಂಯ್’ ಸಾಕು.

ಬೆಳಗಾಗುವಷ್ಟರಲ್ಲಿ ಅದು ನಿಂತದ್ದು ಒಳ್ಳೆಯ ಸುದ್ದಿ, ಆದರೆ ಲೆಕ್ಕ ಪೂರ್ತಿ ಚುಕ್ತಾ ಆಯಿತೆಂದು ಹೇಳಲಾರೆ. ಕೇಳುವ ಶಕ್ತಿ ಮರಳಿದ ಮೇಲೂ ರೋಮಕೋಶ ಮತ್ತು ನರದ ನಡುವಿನ ಕೊಂಡಿಗಳು ಕೆಲವು ಶಾಶ್ವತವಾಗಿ ಕಳಚಿರಬಹುದೆಂದು 2009ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಅಧ್ಯಯನವೊಂದು ತೋರಿಸಿದೆ. ಮನುಷ್ಯರಿಗೂ ಅದು ಹಾಗೆಯೇ ಅನ್ವಯಿಸಬೇಕೆಂದಿಲ್ಲ; ಆದರೂ ‘ಬೆಳಿಗ್ಗೆ ಸರಿಹೋಗುತ್ತದೆ’ ಎಂದು ಮತ್ತೆ ಮತ್ತೆ ಮಾಡುವ ಕೆಲಸವಂತೂ ಇದಲ್ಲ. ನಿಮ್ಮ ಮನಸ್ಸಿನ ನೆಮ್ಮದಿಗೆ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಮುಂದೆ ಎಂದಾದರೂ ಇಂತಹ ಧ್ವನಿ ಒಂದು ದಿನ ದಾಟಿ ಉಳಿದರೆ ಅಥವಾ ಒಂದು ಕಿವಿ ದಿಢೀರನೆ ಮಂದವಾದರೆ ಕಾಯಬೇಡಿ, ಕಿವಿಯ ವೈದ್ಯರಲ್ಲಿಗೆ ಅದೇ ದಿನ ಹೋಗಿ.

ಈಗ ಡ್ರೀಮ್ ಹೌಸ್‌ಗೆ ಬರೋಣ. ಸಂಗೀತ ರಚನಕಾರ ಲಾ ಮಾಂಟೆ ಯಂಗ್ ಮತ್ತು ಬೆಳಕಿನ ಕಲಾವಿದೆ ಮೇರಿಯನ್ ಜಝೀಲಾ ದಂಪತಿಗಳು 1993ರಲ್ಲಿ ಚರ್ಚ್ ಸ್ಟ್ರೀಟಿನ ಆ ಮನೆಯಲ್ಲಿ ತೆರೆದ ಕೃತಿ ಅದು. ಅಲ್ಲಿ ಮೂವತ್ತಕ್ಕೂ ಹೆಚ್ಚು ಶುದ್ಧ ಸ್ವರಗಳು, ಪೂರ್ಣಾಂಕಗಳ ಅನುಪಾತದಲ್ಲಿ ಕರಾರುವಾಕ್ಕಾಗಿ ಹೊಂದಿಸಿದವು, ಏಕಕಾಲದಲ್ಲಿ ಎಡೆಬಿಡದೆ ಮೊಳಗುತ್ತವೆ. ಸ್ಪೀಕರ್‌ನಿಂದ ಹೊರಡುವುದರಲ್ಲಿ ಗಳಿಗೆಯಿಂದ ಗಳಿಗೆಗೆ ಯಾವ ಬದಲಾವಣೆಯೂ ಇಲ್ಲ. ನೀವು ಕೇಳಿದ ಬದಲಾವಣೆಯಷ್ಟೂ ನಿಮ್ಮ ಚಲನೆಯಿಂದ ಆದದ್ದು. ನಿಮ್ಮ ತಂದೆಯವರಿಗೆ ಇದರಲ್ಲಿ ತಂಬೂರಿ ಕೇಳಿಸಿದ್ದು ಆಕಸ್ಮಿಕವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದಾಗ ಈ ದಂಪತಿಗಳು ಅವರ ಶಿಷ್ಯರಾದರು. 1996ರಲ್ಲಿ ಗುರುಗಳು ತೀರಿಕೊಳ್ಳುವ ತನಕ ಆ ಶಿಷ್ಯತ್ವ ಮುಂದುವರಿಯಿತು. ಪ್ರಾಣನಾಥರು ಅಬ್ದುಲ್ ವಹೀದ್ ಖಾನರ ಶಿಷ್ಯರು. ಕುಂದಗೋಳದ ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಮೂಲಕ ನಿಮ್ಮ ಊರಿನ ಕಡೆ ಬೆಳೆದದ್ದು ಈ ಎರಡನೆಯ ಕವಲು. ತಂಬೂರಿ ಶ್ರುತಿ ಮಾಡುವುದನ್ನೇ ಸಾಧನೆಯೆಂದು ತಿಳಿಯುವ ಒಂದೇ ಮನೆತನದ ಎರಡು ಕವಲುಗಳಲ್ಲಿ ಒಂದು ಧಾರವಾಡಕ್ಕೆ ಬಂದರೆ ಇನ್ನೊಂದು ಚರ್ಚ್ ಸ್ಟ್ರೀಟಿನ ಮಹಡಿ ಹತ್ತಿತು.

ಆದರೂ ತಂದೆಯವರ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ, ಮತ್ತು ನಿಮ್ಮ ಪ್ರಶ್ನೆಯ ತಿರುಳು ಇರುವುದು ಈ ತಿದ್ದುಪಡಿಯಲ್ಲೇ. ‘ಯಾರೂ ನುಡಿಸದ ಸ್ವರ ಕೇಳುತ್ತಿದೆ’ ಎಂದು ನಾವು ಹೇಳುವಾಗ ಅದು ಮೂರು ಬೇರೆ ಜಾಗಗಳಿಂದ ಬಂದಿರಬಹುದು: ತಂತಿಯಿಂದ, ಕೋಣೆಯಿಂದ, ಕಿವಿಯಿಂದ.

ತಂತಿಯದು ಸುಲಭ. ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿ 110 ಹರ್ಟ್ಜ್‌ಗೆ, ಎಂದರೆ ಸೆಕೆಂಡಿಗೆ 110 ಕಂಪನಕ್ಕೆ, ಶ್ರುತಿಯಾಗಿದೆ ಎಂದಿಟ್ಟುಕೊಳ್ಳಿ. ಆ ತಂತಿ 110ರಲ್ಲಿ ಮಾತ್ರವಲ್ಲ, ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದಲ್ಲೂ ಒಟ್ಟಿಗೇ ಕಂಪಿಸುತ್ತದೆ. ಐದನೆಯ ಪಟ್ಟು 550 ಹರ್ಟ್ಜ್, ಅದೇ ಗಾಂಧಾರ. ತಂತಿಗಳನ್ನು ಎತ್ತಿ ಹಿಡಿಯುವ ‘ಕುದುರೆ’ಯ ಮೇಲಿನ ಜವಾರಿ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ಈ ಮೇಲಿನ ಸ್ವರಗಳು ಅರಳುತ್ತವೆ. ಹೀಗಾಗಿ ಸ್ವಯಂಭೂ ಗಾಂಧಾರ ಗಾಳಿಯಲ್ಲಿ ನಿಜವಾಗಿಯೂ ಇದೆ. ಫೋನಿನಲ್ಲಿ ಸ್ವರಗಳನ್ನು ಬಿಡಿಸಿ ತೋರಿಸುವ ಅಪ್ಲಿಕೇಶನ್ ಹಾಕಿ ತಂಬೂರಿಯ ಎದುರು ಹಿಡಿದರೆ 550ರ ಹತ್ತಿರ ಒಂದು ಗೆರೆ ಎದ್ದು ಕಾಣುತ್ತದೆ.

ಕೋಣೆಯದು ಇನ್ನಷ್ಟು ಸೊಗಸು. ಸ್ಪೀಕರ್‌ನಿಂದ ಹೊರಟ ಅಲೆ ಗೋಡೆಗೆ ಬಡಿದು ಹಿಂದಿರುಗಿ, ಎದುರಿನಿಂದ ಬರುವ ತನ್ನದೇ ಅಲೆಯೊಂದಿಗೆ ಕೂಡುತ್ತದೆ. ಕೆಲವು ಜಾಗಗಳಲ್ಲಿ ಎರಡೂ ಸೇರಿ ಉಬ್ಬುತ್ತವೆ, ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಸ್ವರ ಬದಲಾಗದೆ ಮುಂದುವರಿಯುವ ತನಕ ಈ ಉಬ್ಬು ತಗ್ಗುಗಳು ಕೋಣೆಯಲ್ಲಿ ಪೀಠೋಪಕರಣಗಳಂತೆ ತಮ್ಮ ತಮ್ಮ ಜಾಗದಲ್ಲೇ ನಿಂತಿರುತ್ತವೆ. ಉಬ್ಬಿನಿಂದ ತಗ್ಗಿಗೆ ಇರುವ ದೂರ ಅಲೆಯುದ್ದದ ಕಾಲು ಭಾಗ. ಇದನ್ನು ನಮ್ಮ ಹಳೆಯ ಅಳತೆಯಲ್ಲೇ ಹೇಳಬಹುದು: 1000 ಹರ್ಟ್ಜ್ ಸ್ವರಕ್ಕೆ ಅದು ನಾಲ್ಕು ಬೆರಳಿಗಿಂತ ತುಸು ಹೆಚ್ಚು, 440ಕ್ಕೆ ಹೆಚ್ಚುಕಡಿಮೆ ಒಂದು ಗೇಣು, 100 ಹರ್ಟ್ಜ್‌ಗೆ ಸುಮಾರು ಎರಡು ಮೊಳ. ಹಾಗಾಗಿಯೇ ನೀವು ಕತ್ತು ಹೊರಳಿಸಿದಷ್ಟಕ್ಕೇ ಮೇಲಿನ ಸ್ವರಗಳು ಮಿಂಚಿ ಮರೆಯಾದವು. ಎದ್ದು ನಾಲ್ಕು ಹೆಜ್ಜೆ ನಡೆದಾಗ ಮಾತ್ರ ಕೆಳಗಿನ ಸ್ವರಗಳು ಬದಲಾಗಿರುತ್ತವೆ. ಇಯರ್‌ಫೋನಿನಲ್ಲಿ ಅದು ಸಿಗದೆ ಹೋದದ್ದಕ್ಕೂ ಇದೇ ಕಾರಣ. ಅಲ್ಲಿ ಗೋಡೆಗಳಿಲ್ಲ, ನೀವು ಎಷ್ಟು ಕತ್ತು ಹೊರಳಿಸಿದರೂ ಸ್ಪೀಕರ್ ಕಿವಿಗೇ ಅಂಟಿಕೊಂಡು ಜೊತೆಗೆ ಹೊರಳುತ್ತದೆ. ವಾಲ್ಯೂಮ್ ಎಷ್ಟು ಏರಿಸಿದರೂ ಇಲ್ಲದ ಕೋಣೆ ಬರಲು ಸಾಧ್ಯವಿರಲಿಲ್ಲ.

ಸಭಾಂಗಣಗಳ ಧ್ವನಿ ಅಳೆಯುವುದು ನನ್ನ ವೃತ್ತಿ. ವರ್ಷಗಳ ಹಿಂದೆ ಒಂದು ಸಭಾಂಗಣದಲ್ಲಿ 63 ಹರ್ಟ್ಜ್ ಸ್ವರ ಹಚ್ಚಿ ಮೈಕ್ ಹಿಡಿದು ಓಡಾಡುತ್ತಿದ್ದಾಗ, ಏಳನೆಯ ಸಾಲಿನಲ್ಲಿ ಕೂತಿದ್ದ ಹಿರಿಯ ಕಾವಲುಗಾರರು ಕರೆದು, ‘ಸ್ವಾಮಿ, ನಿಮ್ಮ ಮಿಷನ್ ಆಫ್ ಆಗ್ಯದ ನೋಡ್ರಿ, ಆದರ ಕುರ್ಚಿ ಯಾಕ ನಡುಗಲಿಕ್ಕತ್ತದ?’ ಎಂದು ಕೇಳಿದರು. ಅವರ ಪಕ್ಕಕ್ಕೆ ಹೋಗಿ ಬಗ್ಗಿ ನಿಂತೆ. ಸ್ವರ ನಿಜವಾಗಿಯೂ ಮಾಯವಾಗಿತ್ತು. ಅವರ ಕಿವಿ ಇದ್ದ ಎತ್ತರದಲ್ಲಿ ಅಲೆಗಳು ಪರಸ್ಪರ ಅಳಿಸಿಹೋಗಿದ್ದವು; ನೆಲದ ಹಲಗೆಗಳ ಮೂಲಕ ಬಂದ ಕಂಪನ ಮಾತ್ರ ಕುರ್ಚಿಯ ಕೈಹಿಡಿಯನ್ನು ಗುರ್ ಎನ್ನಿಸುತ್ತಿತ್ತು. ಕಿವಿಗೆ ಕೇಳದ ಸ್ವರವನ್ನು ಅಂಗೈಯಿಂದ ಹಿಡಿದು ಅವರು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ನನ್ನ ಪುಸ್ತಕದ ಅಂಕಿಗಳಿಗಿಂತ ಆ ಕೈ ನನಗೆ ಹೆಚ್ಚು ಕಲಿಸಿತು.

ದೇಹವೂ ಕೇಳುತ್ತದೆ ಎಂಬುದು ಕವಿಕಲ್ಪನೆಯಲ್ಲ. ಚರ್ಮದ ಆಳದಲ್ಲಿ ಕಂಪನವನ್ನು ಗ್ರಹಿಸುವ ನರತುದಿಗಳು 250 ಹರ್ಟ್ಜ್ ಆಸುಪಾಸಿನಲ್ಲಿ ಅತ್ಯಂತ ಸೂಕ್ಷ್ಮವಾಗಿವೆ. ಅದಕ್ಕಿಂತ ಕೆಳಗಿನ ಗಟ್ಟಿ ಸ್ವರಗಳು ಎದೆಗೂಡನ್ನೂ ಹೊಟ್ಟೆಯನ್ನೂ ಅಲುಗಿಸುತ್ತವೆ. ಆಸ್ಟ್ರಿಯಾದ ವಾಸ್ತುಶಿಲ್ಪಿ ಬರ್ನ್‌ಹಾರ್ಡ್ ಲೈಟ್ನರ್ 1970ರ ದಶಕದಲ್ಲೇ ಸ್ಪೀಕರ್‌ಗಳನ್ನು ಅಳವಡಿಸಿದ ಒರಗುಮಂಚವೊಂದನ್ನು ಮಾಡಿ, ಮಲಗಿದವರ ಮೈಯ ಉದ್ದಕ್ಕೂ ಶಬ್ದವನ್ನು ಹರಿಸಿದರು. ತನ್ನ ಮೀನಖಂಡಕ್ಕಿಂತ ಮೊಣಕಾಲು ಚೆನ್ನಾಗಿ ಕೇಳುತ್ತದೆ ಎಂಬುದು ಅವರ ಮಾತು. ಇಷ್ಟೇ ಅಲ್ಲ, ನಿಮ್ಮ ಮೈ ಬಟ್ಟೆಗಳು ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ನೀವು ಆ ಕೋಣೆಯೊಳಗೆ ಕಾಲಿಟ್ಟ ಕ್ಷಣದಲ್ಲೇ ಉಬ್ಬು ತಗ್ಗುಗಳ ನಕ್ಷೆ ಬದಲಾಗಿರುತ್ತದೆ. ನಿಮ್ಮ ಗೆಳತಿ ಪಕ್ಕದಲ್ಲಿ ಎದ್ದು ನಿಂತಾಗ ಸ್ವರ ಹೊರಳಿದಂತೆ ಅನ್ನಿಸಿದ್ದರೆ ಅದೂ ಭ್ರಮೆಯಲ್ಲ.

ಮೂರನೆಯದು ಕಿವಿಯೇ ಹುಟ್ಟಿಸುವ ಸ್ವರ. ಒಳಗಿವಿ ಬರೀ ಮೈಕ್ ಅಲ್ಲ, ಅದರ ಹೊರ ರೋಮಕೋಶಗಳು ತಾವೇ ಕುಣಿದು ಸಣ್ಣ ಶಬ್ದವನ್ನು ಹಿಗ್ಗಿಸುತ್ತವೆ. ಎರಡು ಸ್ವರಗಳು ಒಟ್ಟಿಗೆ ಬಂದಾಗ ಈ ಕುಣಿತದಲ್ಲಿ ಹೊರಗಿಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. 1000 ಮತ್ತು 1200 ಹರ್ಟ್ಜ್ ಕೇಳಿಸಿದರೆ, ಮೊದಲನೆಯದರ ಎರಡು ಪಟ್ಟಿನಿಂದ ಎರಡನೆಯದನ್ನು ಕಳೆದ 800 ಮತ್ತು ಎರಡರ ಅಂತರವಾದ 200, ಇವು ಹಲವರಿಗೆ ಕೇಳುತ್ತವೆ. ಇಟಲಿಯ ಪಿಟೀಲುವಾದಕ ತಾರ್ತೀನಿ ಹದಿನೆಂಟನೆಯ ಶತಮಾನದಲ್ಲೇ ಇದನ್ನು ಗುರುತಿಸಿ ‘ಮೂರನೆಯ ಸ್ವರ’ ಎಂದು ಕರೆದಿದ್ದರು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯೊಳಗೆ ಪುಟ್ಟ ಮೈಕ್ ಇಟ್ಟು, ಕಿವಿಯಿಂದ ಹೊರಕ್ಕೆ ಬರುವ ಶಬ್ದವನ್ನು ದಾಖಲಿಸಿ ತೋರಿಸಿದರು. ಆಗತಾನೆ ಹುಟ್ಟಿದ ಮಗುವಿನ ಕಿವಿಯನ್ನು ಪರೀಕ್ಷಿಸಲು ಇಂದು ಬಳಸುವುದು ಇದೇ ವಿಧಾನವನ್ನು, ಮತ್ತು ಅಲ್ಲಿ ಕಿವಿಯಿಂದ ಉತ್ತರ ಬಂದರೆ ನಿಶ್ಚಿಂತೆ, ಬಾರದಿದ್ದರೆ ಮುಂದಿನ ಪರೀಕ್ಷೆ. ಕಿವಿಯೊಳಗೆ ಗುನುಗಿದಂತಾಯಿತು ಎಂದು ಹೆದರಿದಿರಲ್ಲ, ಸ್ಪೀಕರ್ ಮೊಳಗುತ್ತಿರುವಾಗ ಮಾತ್ರ ಕೇಳಿ, ನಿಂತಾಗ ನಿಲ್ಲುವ ಆ ಗುನುಗು ಕಿವಿಯ ಆರೋಗ್ಯವನ್ನೇ ಸೂಚಿಸುತ್ತದೆ. ಸ್ಪೀಕರ್ ನಿಂತ ಮೇಲೂ ಉಳಿಯುವುದು ಮಾತ್ರ ಬೇರೆ. ಅಮೆರಿಕದ ಮೇರಿಯಾನ್ ಅಮಾಕರ್ ಎಂಬ ಕಲಾವಿದೆ ಈ ಕಿವಿಸ್ವರಗಳನ್ನೇ ರಾಗದಂತೆ ಹೆಣೆದು, ಇಡೀ ಕಟ್ಟಡಗಳಿಗೆ ತುಂಬಿದರು. ಡೆನ್ಮಾರ್ಕಿನ ಜೇಕಬ್ ಕಿರ್ಕೆಗಾರ್ಡ್ 2007ರಲ್ಲಿ ತನ್ನದೇ ಕಿವಿಗಳಿಂದ ಹೊರಟ ಸ್ವರಗಳನ್ನು ದಾಖಲಿಸಿ ಕೋಪನ್‌ಹೇಗನ್ನಿನ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕಾಗಿ ಒಂದು ಕೃತಿ ಮಾಡಿದರು. ಅವರ ಕಿವಿಯ ಸ್ವರಗಳು ಕೇಳುಗರ ಕಿವಿಯಲ್ಲಿ ಮತ್ತೆ ಹೊಸ ಸ್ವರಗಳನ್ನು ಹುಟ್ಟಿಸುತ್ತವೆ.

ನೀವು ಕೇಳಿದ್ದು ಯಾವುದೆಂದು ಪತ್ತೆ ಮಾಡುವ ಒಂದು ದಾರಿ ಹೇಳುತ್ತೇನೆ. ಎಡ ಸ್ಪೀಕರ್‌ಗೆ 1000, ಬಲ ಸ್ಪೀಕರ್‌ಗೆ 1200 ಕೊಡಿ. ಎರಡನ್ನೂ ಒಂದೇ ಸ್ಪೀಕರ್‌ಗೆ ಕೊಡಬೇಡಿ, ಅಗ್ಗದ ಸ್ಪೀಕರ್ ತಾನೇ 800ನ್ನು ಹುಟ್ಟಿಸಿ ನಿಮ್ಮನ್ನು ಏಮಾರಿಸುತ್ತದೆ. ಈಗ ಬಲದ ಸ್ವರವನ್ನು ನಿಧಾನವಾಗಿ 1200ರಿಂದ 1250ಕ್ಕೆ ಏರಿಸಿ. ನುಡಿಸುತ್ತಿರುವ ಸ್ವರ ಏರುತ್ತಿರುವಾಗ ಮೂರನೆಯದೊಂದು 800ರಿಂದ 750ಕ್ಕೆ ಇಳಿಯುವುದು ಕೇಳುತ್ತದೆ. ಗಾಳಿಯಲ್ಲಿ ಅಂತಹದ್ದೇನೂ ಇಲ್ಲ, ಫೋನಿನ ತೆರೆಯ ಮೇಲೂ ಕಾಣದು. ಏರಿಸುತ್ತಿರುವ ಕೈ ನಿಮ್ಮದು, ಇಳಿಯುತ್ತಿರುವ ಸ್ವರವೂ ನಿಮ್ಮದೇ. ಮೊದಲ ಬಾರಿ ಅದು ಕೇಳಿಸಿದಾಗ ಎಂತಹವರೂ ತಿರುಗಿ ಹಿಂದೆ ನೋಡುತ್ತಾರೆ.

ಇನ್ನು ರೂಢಿಯ 440ರ ಬದಲು 432 ಹರ್ಟ್ಜ್‌ಗೆ ಶ್ರುತಿ ಮಾಡಿದರೆ ಒಳಿತು ಎಂಬ, ಕಾಕಾ ಅವರ ಮಾತಿನ ಹಿಂದಿರುವ ನಂಬಿಕೆಯ ಬಗ್ಗೆ. ಹರ್ಟ್ಜ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ, ಮತ್ತು ಸೆಕೆಂಡು ಮನುಷ್ಯರು ದಿನವನ್ನು ಪಾಲು ಮಾಡಿ ಮಾಡಿಕೊಂಡ ಅಳತೆ. ಪಾಲನ್ನು ಬೇರೆ ರೀತಿ ಮಾಡಿಕೊಂಡಿದ್ದರೆ ಅದೇ ಸ್ವರಕ್ಕೆ ಬೇರೆಯೇ ಅಂಕಿ ಇರುತ್ತಿತ್ತು. ಅಂಕಿಯಲ್ಲಿ ಗುಣವಿರಲು ಸಾಧ್ಯವಿಲ್ಲ. ನಮ್ಮ ಗಾಯಕರು ತಮ್ಮ ಕಂಠಕ್ಕೆ ಒಪ್ಪುವ ಷಡ್ಜವನ್ನು ಹಿಡಿಯುವವರು, ಅವರಿಗೆ ಈ ಜಗಳವೇ ಇರಲಿಲ್ಲ. ಅಂದು ನೀವು 432ನ್ನೇ ಅಷ್ಟು ಜೋರಾಗಿ ಕೇಳಿದ್ದರೂ ರಾತ್ರಿ ಅದೇ ‘ಕುಂಯ್’ ಇರುತ್ತಿತ್ತು. ಅಂಗಾಂಗಗಳು ಹಾಳಾಗುವ ಕಥೆಗೆ ಬಂದರೆ, 20 ಹರ್ಟ್ಜ್‌ಗಿಂತ ಕೆಳಗಿನ ಶಬ್ದವನ್ನು ಮೈಗೆ ಹಾನಿಯಾಗುವಷ್ಟು ಜೋರಾಗಿ ಹೊರಡಿಸಲು ಮನೆಯ ಸ್ಪೀಕರ್‌ಗಳಿಗೆ ಸಾಧ್ಯವೇ ಇಲ್ಲ. ಇಯರ್‌ಫೋನಿನಲ್ಲಿ ಎರಡು ಕಿವಿಗೆ ತುಸುವೇ ಬೇರೆಯಾದ ಎರಡು ಸ್ವರ ಕೊಟ್ಟರೆ ಕೇಳುವ ಮಿಡಿತದಿಂದ ಮಿದುಳು ಗುಣವಾಗುತ್ತದೆ ಎಂಬ ಮಾತೂ ನಿಮಗೆ ಬಂದಿರಬಹುದು. ಆ ಮಿಡಿತ ನಿಜ, ಮಿದುಳಿನ ಬುಡದಲ್ಲಿ ಎರಡು ಕಿವಿಗಳ ಸುದ್ದಿ ಕೂಡುವಲ್ಲಿ ಅದು ಹುಟ್ಟುತ್ತದೆ. ಚಿಕಿತ್ಸೆಯ ಭರವಸೆಗಳಿಗೆ ಮಾತ್ರ ಗಟ್ಟಿಯಾದ ಆಧಾರವಿಲ್ಲ.

ತಿಳಿದವರೂ ನಂಬಿರುವ ಇನ್ನೊಂದು ಕಥೆ ಇದೆ. ಅಮೆರಿಕದ ರಚನಕಾರ ಜಾನ್ ಕೇಜ್ 1951ರಲ್ಲಿ ಹಾರ್ವರ್ಡಿನ ಪ್ರತಿಧ್ವನಿರಹಿತ ಕೋಣೆಗೆ ಹೋದಾಗ ಎರಡು ಸದ್ದು ಕೇಳಿದವಂತೆ. ಮಂದ್ರದ್ದು ರಕ್ತಸಂಚಾರ, ತಾರದ್ದು ನಿಮ್ಮ ನರಮಂಡಲ ಎಂದು ಅಲ್ಲಿನ ಇಂಜಿನಿಯರ್ ಹೇಳಿದರಂತೆ. ನರಗಳು ಕೆಲಸ ಮಾಡುವ ಸದ್ದು ಯಾರಿಗೂ ಕೇಳುವುದಿಲ್ಲ. ಆ ತಾರಸ್ವರ ಬಹುಶಃ ನಮ್ಮಲ್ಲಿ ಹೆಚ್ಚಿನವರ ಕಿವಿಯಲ್ಲೂ ಇರುವ, ಹೊರಗಿನ ಗದ್ದಲದಲ್ಲಿ ಮುಚ್ಚಿಹೋಗುವ ಸಣ್ಣ ಗುಂಯ್‌ಗುಡುವಿಕೆ. 1953ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಿವಿ ಚೆನ್ನಾಗಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94 ಮಂದಿಗೆ ಕೆಲವೇ ನಿಮಿಷಗಳಲ್ಲಿ ಏನಾದರೊಂದು ಸದ್ದು ಕೇಳಿತ್ತು. ಹಾಗಾಗಿ ನಡುರಾತ್ರಿಯ ಮೌನದಲ್ಲಿ ಕಿವಿಗೊಟ್ಟು ಹುಡುಕಿ, ಸಿಕ್ಕ ಸಣ್ಣ ಸದ್ದಿಗೆಲ್ಲ ಹೆದರಬೇಡಿ.

ಇನ್ನು ನಿಮ್ಮ ಕೋಣೆ. ಮಾಡಬಹುದು, ಮತ್ತು ಮಾಡಿ ಎಂದೇ ನನ್ನ ಸಲಹೆ. ಹಳೆಯ ಮನೆಯ ದಪ್ಪ ಗೋಡೆಯೂ ಕಲ್ಲಿನ ನೆಲವೂ ಅಲೆಯನ್ನು ಚೆನ್ನಾಗಿ ಹಿಂದಿರುಗಿಸುತ್ತವೆ. ಹನ್ನೆರಡು ಅಡಿ ಉದ್ದಕ್ಕೆ ಕೋಣೆಯ ಅತ್ಯಂತ ಕೆಳಗಿನ ಸ್ವಂತ ಸ್ವರ ಸುಮಾರು 47 ಹರ್ಟ್ಜ್, ಹತ್ತು ಅಡಿ ಅಗಲಕ್ಕೆ ಸುಮಾರು 57. ಆದರೆ ಅಷ್ಟು ಕೆಳಗೆ ಇಳಿಯಬೇಡಿ. ಫೋನಿನಲ್ಲಿ ಡೆಸಿಬೆಲ್ ತೋರಿಸುವ ಅಪ್ಲಿಕೇಶನ್‌ಗಳು ಸಾಮಾನ್ಯವಾಗಿ ಕೆಳಗಿನ ಸ್ವರಗಳನ್ನು ಕಡಿಮೆ ಎಣಿಸುವ ಲೆಕ್ಕವನ್ನು ಬಳಸುತ್ತವೆ, ಅದರ ಪ್ರಕಾರ 50 ಹರ್ಟ್ಜ್‌ನ ಶಬ್ದ ಇದ್ದದ್ದಕ್ಕಿಂತ ಸುಮಾರು 30 ಡೆಸಿಬೆಲ್ ಕಡಿಮೆ ಕಾಣುತ್ತದೆ; ತೆರೆಯ ಮೇಲೆ 65 ಎಂದಿದ್ದಾಗ ಗೋಡೆಯಾಚೆಯ ಮನೆಯವರ ಪಾತ್ರೆಗಳು ಅಲುಗುತ್ತಿರಬಹುದು. 200ರಿಂದ 1200ರೊಳಗೆ ಮೂರೋ ನಾಲ್ಕೋ ಸ್ವರ ಸಾಕು. ಷಡ್ಜವನ್ನು 220 ಎಂದಿಟ್ಟುಕೊಂಡರೆ 330, 550, 660 ತಂದೆಯವರ ತಂಬೂರಿಯೊಂದಿಗೂ ಕೂಡುತ್ತವೆ. ಎರಡು ಸ್ಪೀಕರ್‌ಗಳನ್ನು ಎದುರುಬದುರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಡಿ, ಆಗ ನೇರ ಶಬ್ದಕ್ಕಿಂತ ಕೋಣೆಯ ಮಾತು ಹೆಚ್ಚು ಕೇಳುತ್ತದೆ. ಸ್ವರಗಳನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸಿ. ಥಟ್ಟನೆ ಹಚ್ಚಿದರೆ ಟಪ್ ಎಂಬ ಸದ್ದಿಗೆ ಕಿವಿಯೂ ಬೆದರುತ್ತದೆ, ಸ್ಪೀಕರ್‌ಗೂ ಪೆಟ್ಟು. ಸಣ್ಣ ಸ್ಪೀಕರ್‌ಗಳು ಬಿಡುವಿರುವ ಸಂಗೀತಕ್ಕಾಗಿ ಮಾಡಿದವು. ಗಂಟೆಗಟ್ಟಲೆ ಒಂದೇ ಸ್ವರ ಜೋರಾಗಿ ಹರಿದರೆ ಒಳಗಿನ ತಂತಿ ಕಾದು ಸುಟ್ಟೇ ಹೋಗಬಹುದು.

ಕೋಣೆಯ ನಡುವೆ 65 ಡೆಸಿಬೆಲ್, ಎಂದರೆ ಎದುರುಬದುರು ಕೂತು ಆರಾಮಾಗಿ ಮಾತಾಡುವಷ್ಟು, ಸಾಕೇಸಾಕು. ಉಬ್ಬು ತಗ್ಗುಗಳು ಎಷ್ಟು ಮೆಲುಧ್ವನಿಯಲ್ಲೂ ಅಲ್ಲೇ ಇರುತ್ತವೆ. ಗಟ್ಟಿಯಾಗಿ ಬೇಕಾಗುವುದು ಕಿವಿಸ್ವರಕ್ಕೆ ಮಾತ್ರ, ಹಾಗಾಗಿ ಮೇಲೆ ಹೇಳಿದ 1000–1200ರ ಪ್ರಯೋಗವನ್ನು ದೊಡ್ಡವರಷ್ಟೇ, 75 ಮೀರದಂತೆ, ಎರಡು ಮೂರು ನಿಮಿಷ ಮಾಡಿ ಬಿಟ್ಟುಬಿಡಿ. ಅದನ್ನು ಇಯರ್‌ಫೋನಿನಲ್ಲಿ ಮಾಡಲೇಬೇಡಿ. ತಮ್ಮನ ಮಗನನ್ನು ಸ್ಪೀಕರ್‌ನಿಂದ ದೂರ ಇರಿಸಿ, ಅವನು ಓಡಾಡಲಿ. ಕೋಣೆಯನ್ನು ನಿಮ್ಮೆಲ್ಲರಿಗಿಂತ ಬೇಗ ಅವನೇ ಅರ್ಥ ಮಾಡಿಕೊಳ್ಳುತ್ತಾನೆ. ಮಕ್ಕಳು ಕಿವಿ ಮುಚ್ಚಿಕೊಂಡರೆ ಅಥವಾ ಹೊರಗೆ ಹೋಗಬೇಕೆಂದರೆ ಅದೇ ಕೊನೆಯ ಮಾತು. ಜೋರು ಶಬ್ದಕ್ಕೆ ತಲೆ ತಿರುಗುವ ತೊಂದರೆ ಕೆಲವರಿಗಿದೆ, ಒಳಗಿವಿಯ ಮೂಳೆಯಲ್ಲಿ ಸಣ್ಣ ರಂಧ್ರವಿದ್ದಾಗ ಹಾಗಾಗುವುದುಂಟು. ಬಂಧುಗಳಲ್ಲಿ ಯಾರಾದರೂ ಹಾಗೆಂದರೆ ಒತ್ತಾಯಿಸದೆ ಹೊರಗೆ ಕಳುಹಿಸಿ.

ಅಜ್ಜಿಯವರ ವಿಷಯ ಸ್ವಲ್ಪ ನಾಜೂಕು. ಶ್ರವಣ ಯಂತ್ರದೊಳಗೆ ಸಿಳ್ಳೆಯನ್ನು ಅಡಗಿಸುವ ಒಂದು ವ್ಯವಸ್ಥೆ ಇರುತ್ತದೆ. ಬಿಡುವಿಲ್ಲದ ಶುದ್ಧ ಸ್ವರವನ್ನು ಅದು ತನ್ನದೇ ಸಿಳ್ಳೆ ಎಂದು ತಪ್ಪು ತಿಳಿದು, ಅಳಿಸಲು ಹೋಗಿ, ಅಲುಗಾಡುವ ವಿಚಿತ್ರ ಸದ್ದು ಹೊರಡಿಸುತ್ತದೆ. ನಿಮಗೆ ಕೇಳಿಸುವ ನಾದವೇ ತನಗೂ ಕೇಳುತ್ತಿದೆ ಎಂದುಕೊಂಡು ಅವರು ಪಾಪ ಕಿರಿಕಿರಿಯನ್ನು ಸಹಿಸಿಕೊಂಡು ಕೂತಿರಬಹುದು. ಯಂತ್ರದಲ್ಲಿ ಸಂಗೀತದ ಆಯ್ಕೆ ಇದ್ದರೆ ಅದನ್ನು ಹಾಕಿ. ಇಲ್ಲವೇ ಯಂತ್ರ ತೆಗೆದಿರಿಸಿ, ತಂದೆಯವರು ನುಡಿಸುತ್ತಿರುವಾಗ ಅಜ್ಜಿಯ ಅಂಗೈಯನ್ನು ತಂಬೂರಿಯ ಕಾಯಿಯ ಮೇಲೆ ಇಡಿ. ಇಡೀ ಏರ್ಪಾಟಿನಲ್ಲಿ ಅತ್ಯುತ್ತಮ ಜಾಗ ಅವರದ್ದೇ ಆಗಲೂಬಹುದು.

ಸ್ವರ ತಯಾರಿಸುವ ಗೋಜೇ ಬೇಡವೆಂದರೆ ಇನ್ನೊಂದು ದಾರಿ ಇದೆ, ಅಪಾಯವೂ ಅತ್ಯಂತ ಕಡಿಮೆ. 1969ರಲ್ಲಿ ಅಮೆರಿಕದ ಆಲ್ವಿನ್ ಲೂಸಿಯರ್ ಒಂದು ಕೋಣೆಯಲ್ಲಿ ಕೂತು ತನ್ನ ಮಾತನ್ನು ದಾಖಲಿಸಿ, ಅದನ್ನು ಅದೇ ಕೋಣೆಯಲ್ಲಿ ನುಡಿಸಿ ಮತ್ತೆ ದಾಖಲಿಸಿ, ಹೀಗೆ ಮಾಡುತ್ತ ಹೋದರು. ಪ್ರತಿ ಸುತ್ತಿನಲ್ಲೂ ಕೋಣೆಗೆ ಒಪ್ಪುವ ಸ್ವರಗಳು ಹಿಗ್ಗಿ ಉಳಿದವು ಕರಗುತ್ತವೆ, ಕೊನೆಗೆ ಮಾತು ಅಳಿದು ಕೋಣೆಯ ನಾದ ಮಾತ್ರ ಉಳಿಯುತ್ತದೆ. ಅವರಿಗೆ ಮಾತು ತೊದಲುತ್ತಿತ್ತು. ಆ ತೊದಲನ್ನು ಕೋಣೆ ಸವೆಸಿ ನಯಮಾಡಿತು. ಅಜ್ಜಿಯ ನಾಲ್ಕು ಮಾತನ್ನೋ ತಂದೆಯವರ ಒಂದು ಆಲಾಪವನ್ನೋ ಹೀಗೆ ಹತ್ತು ಹದಿನೈದು ಸುತ್ತು ಹಾಯಿಸಿ. ಫೋನಿನಲ್ಲಿ ಗದ್ದಲ ಅಡಗಿಸುವ ಸೌಲಭ್ಯವನ್ನು ಆರಿಸಿಡಿ, ಇಲ್ಲವಾದರೆ ಅದು ಕೋಣೆಯ ನಾದವನ್ನೇ ಗದ್ದಲವೆಂದು ತಿಳಿದು ಒರೆಸಿಹಾಕುತ್ತದೆ.

ಅಲ್ಲಿಯವರೆಗೆ ಕಾಯಲಾಗದಿದ್ದರೆ ನಿಮಗೆ ಹತ್ತಿರದಲ್ಲೇ ಒಂದು ಇದೆ. ಟೈಮ್ಸ್ ಸ್ಕ್ವೇರಿನಲ್ಲಿ, ಬ್ರಾಡ್‌ವೇ ಮೇಲೆ 45 ಮತ್ತು 46ನೇ ಬೀದಿಗಳ ನಡುವೆ, ನೆಲದ ಕಬ್ಬಿಣದ ಜಾಲರಿಯ ಕೆಳಗೆ ಮ್ಯಾಕ್ಸ್ ನ್ಯೂಹೌಸ್ 1977ರಲ್ಲಿ ಒಂದು ನಾದವನ್ನು ಅಡಗಿಸಿಟ್ಟರು. 1992ರಲ್ಲಿ ನಿಂತು, 2002ರಲ್ಲಿ ಮತ್ತೆ ಶುರುವಾಯಿತು. ಗೊತ್ತಿಲ್ಲದವರು ಸುರಂಗ ರೈಲಿನ ಸದ್ದೆಂದು ದಾಟಿಹೋಗುತ್ತಾರೆ. ಜಾಲರಿಯ ಮೇಲೆ ನಿಂತು, ಅರ್ಧ ಹೆಜ್ಜೆಯಂತೆ ಸರಿಯುತ್ತ ಕೇಳಿ.

ಊರಿನ ಕೋಣೆಯಲ್ಲಿ ಮೊದಲ ದಿನ ಒಬ್ಬರೇ ಇದ್ದಾಗ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, 330ರ ಸ್ವರ ಒಂದನ್ನೇ ಹಚ್ಚಿ, ನಿಂತ ಎತ್ತರ ಬದಲಿಸದೆ ನಡೆಯಿರಿ, ಅದು ಅಡಗುವ ಜಾಗ ಸಿಕ್ಕಲ್ಲೆಲ್ಲ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಸಂಜೆ ಮನೆಯವರೆಲ್ಲ ಬಂದು ಕೂತ ಮೇಲೆ ಅದೇ ಗುರುತಿನ ಮೇಲೆ ಮತ್ತೆ ನಿಂತು ನೋಡಿ. ಸ್ವರ ಅಡಗುವ ಜಾಗ ಕೆಲವು ಗುರುತುಗಳಿಂದ ಒಂದೆರಡು ಬೆರಳು, ಕೆಲವುಗಳಿಂದ ಒಂದು ಗೇಣು ಸರಿದಿರುತ್ತದೆ. ಯಾರು ಎಲ್ಲಿ ಕೂತಿದ್ದರೆಂದು ಪಕ್ಕದಲ್ಲೇ ಬರೆದಿಡಿ.